ದೊಡ್ಡಕ್ಕ ಒರೆಸಿದ ಗಡಿಯಾರ

ಆ ಕೋಣೆಯಲ್ಲಿ ಒಂದು ದಿನಕ್ಕೆ ಇಪ್ಪತ್ನಾಲ್ಕು ಗಂಟೆ ನಲವತ್ತು ನಿಮಿಷ. ಸುಳ್ಳು ಅನ್ನುವವರು ಹೋಗಿ ಅಲ್ಲಿ ಒಂದು ವಾರ ಶೀಟು ಮಡಚಿ ಬರಲಿ. ಆಮೇಲೆ ಮಾತಾಡೋಣ.

ಅಲ್ಲಿನ ಹೆಂಗಸರಲ್ಲಿ ಒಬ್ಬಳಿಗೆ ಅವಳಿ ಅಕ್ಕ ಇದ್ದಳು. ಹತ್ತು ನಿಮಿಷದ ಅಂತರದಲ್ಲಿ ಹುಟ್ಟಿದವರು. ಅಕ್ಕ ಹೊರಗೆ ಬೀದಿಯಲ್ಲಿ ತರಕಾರಿ ಮಾರುತ್ತಿದ್ದಳು. ತಂಗಿ ಹನ್ನೆರಡು ವರ್ಷದಿಂದ ಈ ಕೋಣೆಯಲ್ಲಿ. ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ನಲವತ್ತು ನಿಮಿಷ ಅಂತ ಬೆರಳು ಮಡಚಿ ನೋಡಿದರೆ ತಂಗಿ ಈಗ ಅಕ್ಕನಿಗಿಂತ ಸರಿಯಾಗಿ ನೂರು ದಿನ ಹತ್ತು ನಿಮಿಷ ಚಿಕ್ಕವಳು. ಆದರೆ ಇಬ್ಬರನ್ನೂ ಒಟ್ಟಿಗೆ ನೋಡಿದವರು ತಂಗಿಯನ್ನೇ ಅಕ್ಕ ಎಂದುಕೊಳ್ಳುತ್ತಿದ್ದರು. ಕೆಲವರು ಅಮ್ಮ ಎಂದುಕೊಂಡದ್ದೂ ಉಂಟು. ಕೋಣೆಯಲ್ಲಿ ಎಲ್ಲರೂ ಅವಳನ್ನು ಅವಳಿ ಎಂದೇ ಕರೆಯುತ್ತಿದ್ದರು.

ಅದು ಬಟ್ಟೆ ಒಗೆಯುವ ಕಾರ್ಖಾನೆ. ಮೂರು ದೊಡ್ಡ ಆಸ್ಪತ್ರೆಗಳ ಶೀಟು, ದಿಂಬಿನ ಚೀಲ, ಆಪರೇಷನ್ ಬಟ್ಟೆ ಎಲ್ಲ ಅಲ್ಲಿಗೇ ಬರುತ್ತಿತ್ತು. ಮೇಲಿನ ಅಂತಸ್ತಿನಲ್ಲಿ ಒಗೆತ. ನೆಲಮಾಳಿಗೆಯಲ್ಲಿ ಇಸ್ತ್ರಿ ಮತ್ತು ಮಡಿಕೆ. ನೆಲಮಾಳಿಗೆಗೆ ಕಿಟಕಿ ಇರಲಿಲ್ಲ. ಬಿಸಿ ಉರುಳೆಗಳ ನಡುವಿನಿಂದ ಶೀಟು ಹೊಗೆಯಾಡುತ್ತ ಬರುತ್ತಿತ್ತು. ಇಬ್ಬರು ಹೆಂಗಸರು ಅದರ ನಾಲ್ಕು ಮೂಲೆ ಹಿಡಿಯಬೇಕು, ಜಗ್ಗಬೇಕು, ಹತ್ತಿರ ಬರಬೇಕು, ಮೂಲೆಗೆ ಮೂಲೆ ಸೇರಿಸಬೇಕು, ಹಿಂದೆ ಸರಿಯಬೇಕು, ಮತ್ತೆ ಬರಬೇಕು. ಒಂಬತ್ತು ಜೋಡಿ, ಹದಿನೆಂಟು ಹೆಂಗಸರು. ಬೆಳಿಗ್ಗೆ ಒಂಬತ್ತಕ್ಕೆ ಶುರು. ಸಂಜೆ ಆರಕ್ಕೆ ಮುಗಿತ. ಊರು ಸುತ್ತಿ ಬರುವಷ್ಟು ದೂರವನ್ನು ಆರು ಹೆಜ್ಜೆ ಜಾಗದಲ್ಲೇ ನಡೆಯುತ್ತಿದ್ದರು.

ಬಿಸಿ ಬಟ್ಟೆ ಹಿಡಿದು ಹಿಡಿದು ಎಲ್ಲರ ಬೆರಳ ತುದಿ ನುಣ್ಣಗಾಗಿತ್ತು. ಒಮ್ಮೆ ಮ್ಯಾನೇಜರ್ ಬೆರಳೊತ್ತಿ ಹಾಜರಿ ಹಾಕುವ ಯಂತ್ರ ತರಿಸಿದ. ಹದಿನೆಂಟು ಜನ ಒಬ್ಬೊಬ್ಬರಾಗಿ ಹತ್ತೂ ಬೆರಳು ಒತ್ತಿದರು. ಯಂತ್ರ ಒಬ್ಬಳನ್ನೂ ಮನುಷ್ಯಳು ಅಂತ ಒಪ್ಪಲಿಲ್ಲ. ಮ್ಯಾನೇಜರಿಗೆ ಯಂತ್ರದ ಮೇಲೆ ಸಿಟ್ಟು ಬಂತು. ಅದನ್ನು ವಾಪಸು ಕಳಿಸಿ, ಹಾಜರಿ ಪುಸ್ತಕವನ್ನೂ ಗೋಡೆ ಗಡಿಯಾರವನ್ನೂ ದೊಡ್ಡಕ್ಕನ ಕೈಗೆ ಕೊಟ್ಟ.

ದೊಡ್ಡಕ್ಕ ಮ್ಯಾನೇಜರೂ ಅಲ್ಲ, ಮೇಸ್ತ್ರಿಯೂ ಅಲ್ಲ. ಇವರಂತೆಯೇ ಶೀಟು ಮಡಚಲು ಬಂದವಳು. ಇಪ್ಪತ್ತೆರಡು ವರ್ಷ ಮಡಚಿದಳು. ಸೊಂಟ ಹೋಯಿತು. ಬಡ್ತಿ ಕೇಳಿದಳು. ಸ್ಟೂಲು ಕೊಟ್ಟರು. ಇಡೀ ಕೋಣೆಯಲ್ಲಿ ಕೂರುವಂಥದ್ದು ಅದೊಂದೇ. ಅದರ ಮೇಲೆ ಕೂತ ದಿನದಿಂದ ಅವಳ ಕಣ್ಣಿಗೆ ಉಳಿದವರೆಲ್ಲ ಗಿಡ್ಡರಾಗಿ ಕಂಡರು.

ಎಲ್ಲರ ಫೋನುಗಳನ್ನೂ ಬೆಳಿಗ್ಗೆ ತಗಡಿನ ಡಬ್ಬಿಗೆ ಹಾಕಿಸಿ ಬೀಗ ಜಡಿಯುತ್ತಿದ್ದಳು. ಬೀಗದ ಕೈ ಅವಳ ಸೊಂಟದಲ್ಲಿ. ಕೈಗಡಿಯಾರ ಕಟ್ಟುವಂತಿಲ್ಲ, ಉರುಳೆಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಒಣಹಾಕುವ ಹಸಿರು ಕ್ಲಿಪ್ಪೊಂದು ಅವಳ ಕುಪ್ಪಸದ ಅಂಚಿನಲ್ಲಿ ಇರುತ್ತಿತ್ತು. ಅದು ಯಾರ ಕೈಯಲ್ಲಿದೆಯೋ ಅವಳು ಮಾತ್ರ ಪಾಯಖಾನೆಗೆ ಹೋಗಬಹುದು. ಹದಿನೆಂಟು ಜನಕ್ಕೆ ಒಂದೇ ಕ್ಲಿಪ್ಪು. ಕೇಳಿದರೆ, ಮನೆಯಲ್ಲಿ ಮುಗಿಸಿಕೊಂಡು ಬರೋಕೆ ಏನು ದಾಡಿ ಅನ್ನುತ್ತಿದ್ದಳು. ಕೆಲವು ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನೀರು ಬಿಟ್ಟವರನ್ನು ಅವಳು ಜಾಣೆಯರು ಎಂದು ಹೊಗಳುತ್ತಿದ್ದಳು.

ಇನ್ನು ಗಡಿಯಾರ. ಆರರ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ ಬಾಗಿಲ ಪಕ್ಕದಲ್ಲೇ ಕಾಗದ ಅಂಟಿಸಿದ್ದರು. ಆದ್ದರಿಂದ ಕೆಲಸ ಮುಗಿಯುವ ತನಕ ಆರು ಆಗಬಾರದು. ದಿನಾ ಮಧ್ಯಾಹ್ನ ಮೂರರ ಮೇಲೆ ದೊಡ್ಡಕ್ಕ ಸ್ಟೂಲು ಹತ್ತಿ, ಧೂಳು ಕೂತಿದೆ ಎಂದು ಗಡಿಯಾರ ಇಳಿಸುತ್ತಿದ್ದಳು. ತೊಡೆ ಮೇಲಿಟ್ಟುಕೊಂಡು ಹಿಂದೆ ಮುಂದೆ ಒರೆಸುತ್ತಿದ್ದಳು. ಒರೆಸಿ ತೂಗುಹಾಕಿದಾಗ ಅದು ನಲವತ್ತು ನಿಮಿಷ ಹಿಂದಕ್ಕೆ ಹೋಗಿರುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮತ್ತೊಮ್ಮೆ ಒರೆಸಿ ಸರಿಮಾಡುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಹೊರಡುವ ಹೊತ್ತು 'ಆರು' ಎಂದು ಬೆಳಿಗ್ಗೆಯೇ ಬರೆದಿಟ್ಟಿರುತ್ತಿದ್ದಳು. ಜಗತ್ತಿನಲ್ಲಿ ಅಷ್ಟು ಶುದ್ಧವಾಗಿದ್ದ ಗಡಿಯಾರ ಇನ್ನೊಂದಿರಲಿಲ್ಲ.

ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ. ಹೊರಗೆ ಬಂದು ಡಬ್ಬಿಯಿಂದ ಫೋನು ತೆಗೆದರೆ ಆರು ನಲವತ್ತು. ಒಂದು ಸಲ ಅವಳಿ ಧೈರ್ಯ ಮಾಡಿ ಕೇಳಿದ್ದಳು. ದೊಡ್ಡಕ್ಕ ನಕ್ಕುಬಿಟ್ಟಳು.

"ಚಪ್ಪಲಿ ಹೊರಗೆ ಬಿಟ್ಟು ಬರ್ತೀರಲ್ಲ, ಹಾಗೇ ಹೊರಗಿನ ಟೈಮನ್ನೂ ಹೊರಗೇ ಬಿಟ್ಟು ಬನ್ನಿ. ಒಳಗೆ ಈ ಗಡಿಯಾರ ಹೇಳಿದ್ದೇ ಟೈಮು."

ಆ ತಿಂಗಳು ಅವಳಿಗೆ ಒಂದು ಸಲವೂ ಕ್ಲಿಪ್ಪು ಸಿಗಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ.

ಹೀಗೆ ಎಲ್ಲರ ಬಾಯಿಗೂ ಬೀಗ ಬಿದ್ದ ಮೇಲೆ ಬಾಣಂತಿ ಕೆಲಸಕ್ಕೆ ವಾಪಸು ಬಂದಳು. ಮಗುವಿಗೆ ಐದು ತಿಂಗಳು. ಆದರೂ ಕೋಣೆಯಲ್ಲಿ ಅವಳಿಗೆ ಬಾಣಂತಿ ಎಂಬ ಹೆಸರೇ ನಿಂತಿತು. ಅವಳು ಅವಳಿಯ ಜೋಡಿ. ಗಂಡ ಲಾರಿಯ ಮೇಲೆ, ತಿಂಗಳಿಗೆ ಎರಡು ದಿನ ಮನೆಗೆ. ಹಗಲು ಮಗುವನ್ನು ನೋಡಿಕೊಳ್ಳುವವಳು ಅತ್ತೆ. ಅತ್ತೆಯೂ ಸುಮ್ಮನೆ ಕೂತವಳಲ್ಲ. ಸಂಜೆ ಆರೂವರೆಗೆ ಅವಳು ಒಂದು ಬ್ಯಾಂಕಿನ ನೆಲ ಒರೆಸಲು ಹಾಜರಿರಬೇಕು. ಅದಕ್ಕೆ ಸರಿಯಾಗಿ ಆರಕ್ಕೆ ಮಗುವನ್ನು ಎತ್ತಿಕೊಂಡು ಕಾರ್ಖಾನೆ ಗೇಟಿಗೆ ಬಂದು ನಿಲ್ಲುತ್ತಿದ್ದಳು. ಸೊಸೆ ಹೊರಬರಬೇಕು, ಮಗು ಕೈ ಬದಲಾಗಬೇಕು, ಅತ್ತೆ ಕಾಲು ಗಂಟೆ ನಡೆದು ಬ್ಯಾಂಕು ಸೇರಬೇಕು. ಲೆಕ್ಕ ಚೆನ್ನಾಗಿಯೇ ಇತ್ತು. ಗಡಿಯಾರ ಒರೆಸದಿದ್ದರೆ. ದಿನಾ ಆರು ನಲವತ್ತರ ಮೇಲೆ ಮಗು ಕೈ ಬದಲಾಗಿ, ಅತ್ತೆ ಓಡಿ ಓಡಿಯೂ ತಡವಾಗಿಯೇ ಬ್ಯಾಂಕು ಸೇರುತ್ತಿದ್ದಳು.

ಮಗು ಬಾಟಲಿ ಮುಟ್ಟುತ್ತಿರಲಿಲ್ಲ. ಡಬ್ಬಿ ಹಾಲು, ಚಮಚ, ಒಳಲೆ ಎಲ್ಲವನ್ನೂ ಉಗುಳಿ ಗೆದ್ದಿತ್ತು. ಮಧ್ಯಾಹ್ನ ಗಂಜಿ ನೆಕ್ಕಿಕೊಂಡು ಹೇಗೋ ಆರರ ತನಕ ತಡೆಯುತ್ತಿತ್ತು. ಆರಕ್ಕೆ ಅದಕ್ಕೆ ಅಮ್ಮನೇ ಬೇಕು. ಮತ್ತು ಆರಕ್ಕೆ ಸರಿಯಾಗಿ, ಗೋಡೆ ದಪ್ಪ ಎಷ್ಟೇ ಇರಲಿ, ನೆಲಮಾಳಿಗೆ ಎಷ್ಟೇ ಕೆಳಗಿರಲಿ, ಬಾಣಂತಿಯ ಎದೆ ಜುಮ್ಮೆನ್ನುತ್ತಿತ್ತು. ಹಾಲು ಇಳಿಯುತ್ತಿತ್ತು. ಕುಪ್ಪಸದ ಮೇಲೆ ಎರಡು ಒದ್ದೆ ವರ್ತುಲ ಮೂಡುತ್ತಿತ್ತು. ಗೋಡೆ ಮೇಲೆ ಆಗ ಐದು ಇಪ್ಪತ್ತು.

ಹದಿನೈದು ದಿನದಲ್ಲಿ ಇಡೀ ಕೋಣೆಗೆ ಅಭ್ಯಾಸವಾಯಿತು. ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಬಾಣಂತಿಯ ಕುಪ್ಪಸ ನೋಡುತ್ತಿದ್ದರು. ಒಬ್ಬಳು ಇನ್ನೊಬ್ಬಳಿಗೆ ಕಣ್ಣಲ್ಲೇ ಹೇಳುತ್ತಿದ್ದಳು, ಆರಾಯ್ತು ಅಂತ. ಇದು ದೊಡ್ಡಕ್ಕನಿಗೆ ತಿಳಿಯಲು ತಡವಾಗಲಿಲ್ಲ. ತನಗೆ ಎಟುಕದ ಗಡಿಯಾರವೊಂದು ಕೋಣೆಯೊಳಗೆ ಬಂದಿದೆ ಅಂದರೆ ಅವಳಿಗೆ ನಿದ್ದೆ ಬರುವುದುಂಟೆ?

ಸೋಮವಾರ ಒಂದು ಶೀಟಿನ ಮೇಲೆ ಎರಡು ಹನಿ ಬಿತ್ತು. ದೊಡ್ಡಕ್ಕ ಉರುಳೆ ನಿಲ್ಲಿಸಿದಳು. ಆ ಶೀಟನ್ನು ಎತ್ತಿ ಹಿಡಿದು ಒಂಬತ್ತು ಮೇಜುಗಳಿಗೂ ತೋರಿಸುತ್ತ ನಡೆದಳು. ರಕ್ತ, ಕೀವು, ಮಲ, ಏನೇನೋ ಆದ ಬಟ್ಟೆಗಳು ದಿನಾ ಬರುವ ಜಾಗ ಅದು. ಅಲ್ಲಿ ಎರಡು ಹನಿ ಹಾಲಿಗೆ ಅವಳು ಮೂಗು ಮುಚ್ಚಿಕೊಂಡಳು.

"ಆಸ್ಪತ್ರೆ ಶೀಟಿಗೆ ಮೊಲೆ ಕುಡಿಸ್ತಾಳೆ ನೋಡ್ರೇ ನಮ್ಮ ಬಾಣಂತಿ."

ಇಬ್ಬರು ನಕ್ಕರು. ಕ್ಲಿಪ್ಪು ಬೇಕಾಗಿದ್ದವರು. ಬಾಣಂತಿ ಆ ಶೀಟನ್ನು ಕೈಯಲ್ಲೇ ಒಗೆಯಬೇಕಾಯಿತು, ಕೆಲಸ ಬಿಟ್ಟ ಮೇಲೆ. ಅಷ್ಟಕ್ಕೇ ಮುಗಿಯಲಿಲ್ಲ. ದೊಡ್ಡಕ್ಕ ಹಳೆ ಶೀಟೊಂದನ್ನು ಉದ್ದಕ್ಕೆ ಹರಿದಳು. ಬಾಣಂತಿಯನ್ನು ಬಟ್ಟೆ ರಾಶಿಯ ಹಿಂದೆ ಕರೆದೊಯ್ದು, ಕೈ ಮೇಲೆತ್ತು ಅಂದಳು. ಎದೆಗೆ ಆ ಪಟ್ಟಿಯನ್ನು ಸುತ್ತಿದಳು. ಮೊಣಕಾಲನ್ನು ಬೆನ್ನಿಗೆ ಒತ್ತಿ ಎಳೆದಳು. ಮೂರು ಸುತ್ತು. ಗಂಟು ಬೆನ್ನ ಹಿಂದೆ, ತಾನೇ ಬಿಚ್ಚಿಕೊಳ್ಳಲು ಆಗದ ಹಾಗೆ. ಗಡಿಯಾರ ಒರೆಸುವ ಕೈ ಅದೇ. ಇದೂ ಒಂಥರಾ ಒರೆಸುವುದೇ.

"ನನಗೂ ಎರಡು ಮಕ್ಕಳಾಗಿದ್ವು. ನಾನೂ ಹೀಗೇ ಕಟ್ಟಿಕೊಂಡು ಮಡಚಿದೆ. ಸತ್ತೆನಾ?"

ಬಾಣಂತಿಗೆ ಉಸಿರು ಅರ್ಧಕ್ಕೆ ನಿಂತಿತ್ತು. ನೀವು ಬದುಕಿದ್ದೀರಿ ಅಂತ ಯಾರು ಹೇಳಿದ್ದು ಅಂತ ಕೇಳುವಷ್ಟು ಧೈರ್ಯ ಅಂದು ಅವಳಿಗಿರಲಿಲ್ಲ.

ಮಂಗಳವಾರ ಮೈ ಕೆಂಡ. ಮತ್ತೆ ಪಟ್ಟಿ. ಒಳಗೆ ಗಂಟುಗಟ್ಟಿ ಎದೆ ಕಲ್ಲಾಗಿತ್ತು. ತೋಳು ಎತ್ತಿದರೆ ಕಂಕುಳ ತನಕ ಸೆಳೆತ. ಆದರೂ ಮೂಲೆ ಹಿಡಿ, ಜಗ್ಗು, ಹತ್ತಿರ ಬಾ, ಹಿಂದೆ ಸರಿ. ಅವಳಿ ತನ್ನ ಕಡೆಯಿಂದಲೇ ಹೆಚ್ಚು ನಡೆದು, ಇವಳ ಹೆಜ್ಜೆ ಉಳಿಸಿ ಕೊಟ್ಟಳು. ಗೋಡೆಯ ಆರು ಆಗುವ ಹೊತ್ತಿಗೆ ಹೊರಗೆ ಆರು ನಲವತ್ತು. ಬಾಣಂತಿ ಮೆಟ್ಟಿಲು ಹತ್ತಿ ಗೇಟಿಗೆ ಓಡಿದಳು. ಅತ್ತೆ ಇರಲಿಲ್ಲ. ಬ್ಯಾಂಕಿನವರು ಹಿಂದಿನ ದಿನ ಹೇಳಿದ್ದರು, ಇನ್ನೊಂದು ದಿನ ತಡವಾದರೆ ಬರೋದೇ ಬೇಡ ಅಂತ. ಅವಳು ಆರೂಕಾಲರ ತನಕ ಕಾದು, ಮಗುವನ್ನು ವಾಚ್‌ಮನ್ ಕೈಗಿಟ್ಟು ಹೋಗಿದ್ದಳು. ವಾಚ್‌ಮನ್‌ಗೆ ಆಸ್ಪತ್ರೆ ಗಾಡಿ ಒಳಗೆ ಬಿಡಬೇಕಿತ್ತು. ಮಗುವನ್ನು ಎಲ್ಲಿಡುವುದು? ಗೇಟಿನ ಪಕ್ಕ ನಿಂತಿದ್ದ ತಳ್ಳುಬಂಡಿಯಲ್ಲಿ ಮಲಗಿಸಿದ್ದ.

ಅದು ಕೊಳೆ ಬಟ್ಟೆಯ ಬಂಡಿ. ಯಾರದೋ ರಕ್ತ ಕಪ್ಪಾಗಿ ಒಣಗಿದ ಶೀಟುಗಳ ಮೇಲೆ ಮಗು ಕಿರುಚಿ ಕಿರುಚಿ ದನಿ ಬತ್ತಿ ಬಾಯಿ ಮಾತ್ರ ತೆರೆಯುತ್ತಿತ್ತು. ಒಂದು ಶೀಟಿನ ಮೂಲೆ ಅದರ ಬಾಯಲ್ಲಿತ್ತು. ಚೀಪುತ್ತಿತ್ತು.

ಬಾಣಂತಿ ಅಳಲಿಲ್ಲ. ವಾಚ್‌ಮನ್‌ನನ್ನು ಬಯ್ಯಲೂ ಇಲ್ಲ. ಮಗುವಿನ ಬಾಯಿಂದ ಶೀಟಿನ ಮೂಲೆ ಬಿಡಿಸಿದಳು. ಅಲ್ಲೇ ಕೂತು, ಹಿಂದೆಯೇ ಓಡಿಬಂದಿದ್ದ ಅವಳಿಯಿಂದ ಬೆನ್ನಿನ ಗಂಟು ಬಿಚ್ಚಿಸಿಕೊಂಡು ಎದೆಗೆ ಹಾಕಿಕೊಂಡಳು. ಕಲ್ಲಾದ ಎದೆಗೆ ಮಗುವಿನ ಬಾಯಿ ನಿಲ್ಲಲಿಲ್ಲ. ಜಾರಿತು. ಮತ್ತೆ ಹಿಡಿಯಿತು. ಮತ್ತೆ ಜಾರಿತು. ಅವಳಿ ನೋಡಲಾಗದೆ ಆ ಕಡೆ ತಿರುಗಿದಳು.

ಬುಧವಾರ ಬೆಳಿಗ್ಗೆ ಅತ್ತೆ ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಗಂಟು ಕರಗಿಸಿದಳು. ಒತ್ತುವಾಗ ಸೊಸೆ ತುಟಿ ಕಚ್ಚಿಕೊಂಡದ್ದನ್ನು ನೋಡಿ, ನೋಯ್ತಾ ಅಂತ ಕೇಳಲಿಲ್ಲ. ಅತ್ತೆ ಅಂಥ ಮಾತಿನವಳಲ್ಲ.

"ಇವತ್ತು ಆರಕ್ಕೆ ಗೇಟಲ್ಲಿ ಇರ್ತೀಯೋ ಇಲ್ವೋ, ಅಷ್ಟು ಹೇಳು. ನಿನ್ನ ಕೆಲಸ ಹೋದ್ರೆ ನನ್ನದಿದೆ. ಎರಡೂ ಹೋದ್ರೆ ಮಗೂಗೆ ಶೀಟೇ ಗತಿ."

"ಇರ್ತೀನಿ ಅತ್ತೆ."

ಅಂದು ದೊಡ್ಡಕ್ಕ ಪಟ್ಟಿ ಕಟ್ಟಿದಾಗ ಬಾಣಂತಿ ಉಸಿರು ತುಂಬಿಕೊಂಡು ಎದೆ ಉಬ್ಬಿಸಿ ನಿಂತಳು. ಕಟ್ಟು ಸಡಿಲ ಕೂತಿತು. ಮೂರರ ಮೇಲೆ ಗಡಿಯಾರ ಇಳಿಯಿತು, ಒರೆಸಿಕೊಂಡಿತು, ಏರಿತು. ಶೀಟುಗಳು ಬರುತ್ತಲೇ ಇದ್ದವು. ನಾಲ್ಕಾಯಿತು, ಗೋಡೆಯ ನಾಲ್ಕು. ಐದಾಯಿತು.

ಗೋಡೆಯ ಮೇಲೆ ಐದು ಇಪ್ಪತ್ತು ಆಗಿತ್ತು. ಬಾಣಂತಿ ಎರಡು ಮೂಲೆ ಹಿಡಿದು ಅವಳಿಯ ಕಡೆ ನಡೆಯುತ್ತಿದ್ದಳು. ಎದೆ ಜುಮ್ಮೆಂದಿತು.

ನಿಂತಳು. ಎರಡು ಕೈಯನ್ನೂ ತೆರೆದಳು. ಶೀಟಿನ ಆ ತುದಿ ನೆಲಕ್ಕೆ ಬಿತ್ತು.

ಆ ಕೋಣೆಯಲ್ಲಿ ಇಸ್ತ್ರಿಯಾದ ಶೀಟು ನೆಲಕ್ಕೆ ಬೀಳುವುದು ಅಂದರೆ ಗರ್ಭಗುಡಿಗೆ ನಾಯಿ ನುಗ್ಗಿದ ಹಾಗೆ. ಎಲ್ಲ ಮೇಜುಗಳ ಕೈಗಳೂ ನಿಂತವು. ಬಾಣಂತಿ ಕುಪ್ಪಸದೊಳಗೆ ಕೈ ಹಾಕಿ ಪಟ್ಟಿಯನ್ನು ಕೆಳಕ್ಕೆ ಜಗ್ಗಿದಳು. ಜಾರಿತು. ಸೊಂಟದ ಮೇಲಿಂದ ಎಳೆದು ತೆಗೆದು, ಗಂಟಿನ ಸಮೇತ ಮೇಜಿನ ಮೇಲೆ ಇಟ್ಟಳು. ಎರಡು ಒದ್ದೆ ವರ್ತುಲ ಎಲ್ಲರ ಕಣ್ಣ ಮುಂದೆ ಹರಡಿತು.

"ಏನೇ ಅದು?" ಸ್ಟೂಲಿನ ಮೇಲಿಂದ ದೊಡ್ಡಕ್ಕ ಕೇಳಿದಳು.

"ಆರಾಯ್ತು."

"ಗಡಿಯಾರ ನೋಡಿ ಮಾತಾಡು."

ಅಲ್ಲಿಯವರೆಗೆ ದೊಡ್ಡಕ್ಕನಿಗೆ ನೀವು ಅನ್ನದವರು ಆ ಕೋಣೆಯಲ್ಲಿ ಇರಲಿಲ್ಲ.

"ಅದನ್ನ ದಿನಾ ಒರೆಸ್ತೀಯಲ್ಲ ನೀನು. ಬಾ, ಇದನ್ನೂ ಒರೆಸು. ಹಿಂದಕ್ಕೆ ಹೋಗುತ್ತಾ ನೋಡೋಣ."

ದೊಡ್ಡಕ್ಕ ಸ್ಟೂಲಿನಿಂದ ಇಳಿದಳು. ಶೀಟು ಎತ್ತು ಅಂದಳು. ಬಾಣಂತಿ ಎತ್ತಲಿಲ್ಲ. ಇನ್ನೊಂದು ತುದಿ ಇನ್ನೂ ಅವಳಿಯ ಕೈಯಲ್ಲಿತ್ತು. ದೊಡ್ಡಕ್ಕ ಅವಳ ಕಡೆ ತಿರುಗಿ, ನೀನಾದರೂ ಎತ್ತು ಅಂದಳು. ಅವಳಿ ಕೈಯಲ್ಲಿದ್ದ ಎರಡು ಮೂಲೆಗಳನ್ನು ನೋಡಿದಳು. ಹನ್ನೆರಡು ವರ್ಷದಿಂದ ಹಿಡಿದ ಮೂಲೆಗಳು. ಬಿಟ್ಟಳು. ಪಕ್ಕದ ಮೇಜಿನಲ್ಲಿ ಇನ್ನೊಂದು ಶೀಟು ಬಿತ್ತು. ಅದರಾಚೆ ಇನ್ನೊಂದು. ಸೋಮವಾರ ನಕ್ಕಿದ್ದ ಇಬ್ಬರು ಕೊನೆಯಲ್ಲಿ ಬಿಟ್ಟರು. ಕೊನೆಗಾದರೂ ಬಿಟ್ಟರಲ್ಲ. ಉರುಳೆ ಮಾತ್ರ ತನ್ನ ಪಾಡಿಗೆ ಬಿಸಿ ಬಿಸಿ ಶೀಟನ್ನು ಹೊರಗೆ ಉಗುಳುತ್ತಿತ್ತು. ಹಿಡಿಯುವವರಿಲ್ಲದೆ ಅದು ನೆಲದ ಮೇಲೆ ರಾಶಿಯಾಗುತ್ತಿತ್ತು.

ದೊಡ್ಡಕ್ಕ ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಓಡಿದಳು. ಮ್ಯಾನೇಜರನ್ನು ಕರೆತಂದಳು. ಅವನು ಬಂದವನೇ ಗಡಿಯಾರದತ್ತ ಬೆರಳು ತೋರಿಸಿ, ಕೆಲಸ ಮುಗಿಯಲು ಇನ್ನೂ ನಲವತ್ತು ನಿಮಿಷ ಇದೆ, ಈಗ ಹೊರಗೆ ಹೋದವರು ನಾಳೆ ಒಳಗೆ ಬರುವುದು ಬೇಡ ಎಂದ. ದನಿ ಜೋರಾಗಿಯೇ ಇತ್ತು. ಆದರೆ ಹದಿನೆಂಟು ಜನ ಅವನ ಮುಖ ನೋಡುತ್ತಿರಲಿಲ್ಲ. ಬೆರಳು ತೋರಿಸಿದ ಕೈಯಲ್ಲಿ ಕಾರಿನ ಕೀ ಇತ್ತು. ಇನ್ನೊಂದರಲ್ಲಿ ಖಾಲಿ ಊಟದ ಡಬ್ಬಿಯ ಚೀಲ.

"ಐದು ಇಪ್ಪತ್ತಕ್ಕೇ ಮನೆಗೆ ಹೊರಟ್ರಾ ಸಾರ್?" ಬಾಣಂತಿ ಕೇಳಿದಳು.

ಮ್ಯಾನೇಜರ್ ಚೀಲವನ್ನು ಬೆನ್ನ ಹಿಂದೆ ಮಾಡಿದ. ಕೀಯನ್ನು ಜೇಬಿಗೆ ಹಾಕಿದ. ಅದು ಜೇಬೊಳಗೆ ಝಣ್ ಅಂದಿತು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ನೆಲಮಾಳಿಗೆ ನಕ್ಕಿತು. ಆ ನಗುವಿನಲ್ಲಿ ಸಂತೋಷ ಒಂದು ಚೂರೂ ಇರಲಿಲ್ಲ. ಹನ್ನೆರಡು ವರ್ಷ, ಒಂಬತ್ತು ವರ್ಷ, ನಾಲ್ಕು ವರ್ಷ ಹೊಟ್ಟೆಯಲ್ಲಿ ಕೊಳೆತದ್ದು ಬಾಯಿಗೆ ಬಂದಿತ್ತು.

ಅವಳಿ ಸ್ಟೂಲು ಹತ್ತಿ ಗಡಿಯಾರ ಇಳಿಸಿದಳು. ಫೋನಿನ ಡಬ್ಬಿಯ ಬೀಗದ ಕೈ ಕೇಳಿದರೆ ದೊಡ್ಡಕ್ಕ ಕೊಡಲಿಲ್ಲ. ಸರಿ, ಇಬ್ಬರು ಬೀಗದ ಸಮೇತ ಡಬ್ಬಿಯನ್ನೇ ಎತ್ತಿಕೊಂಡರು. ಹದಿನೆಂಟು ಜನ ಮೆಟ್ಟಿಲು ಹತ್ತಿದರು.

ಗೇಟಿನಲ್ಲಿ ಅತ್ತೆ ನಿಂತಿದ್ದಳು. ಆರು ಗಂಟೆ ಎಂಟು ನಿಮಿಷ. ಮಗುವನ್ನು ಸೊಸೆಯ ಕೈಗಿಟ್ಟಳು. ಹಿಂದೆ ನಿಂತಿದ್ದ ಹೆಂಗಸರ ದಂಡನ್ನೂ ಗಡಿಯಾರವನ್ನೂ ಡಬ್ಬಿಯನ್ನೂ ಒಂದು ಸಲ ನೋಡಿದಳು. ಏನು ಎತ್ತ ಅಂತ ಕೇಳಲಿಲ್ಲ.

"ಇವತ್ತು ನಡೆದೇ ಹೋಗಬಹುದು. ಓಡೋದು ಬೇಡ," ಅಂದಳು. ಹೋದಳು.

ಬಾಣಂತಿ ಗೇಟಿಗೆ ಅಡ್ಡಲಾಗಿ, ನಡುಮಧ್ಯೆ ನೆಲದ ಮೇಲೆ ಕೂತಳು. ಕಾಲು ಚಾಚಿದಳು. ಮಗುವನ್ನು ಎದೆಗೆ ಹಾಕಿಕೊಂಡಳು. ಈ ಸಲ ಬಾಯಿ ಜಾರಲಿಲ್ಲ. ಉಳಿದವರು ಸುತ್ತ ನಿಂತರು. ಅಷ್ಟರಲ್ಲಿ ಮ್ಯಾನೇಜರನ ಕಾರು ಬಂತು. ಹಾರ್ನ್ ಹೊಡೆದ. ಮಗು ಬೆಚ್ಚಿ ಬಿದ್ದು, ಮತ್ತೆ ಹೀರತೊಡಗಿತು. ಇನ್ನೊಮ್ಮೆ ಹೊಡೆದ. ಅವಳಿ ಹೋಗಿ ಗಡಿಯಾರವನ್ನು ಕಾರಿನ ಮೂತಿಯ ಮೇಲೆ, ಅವನಿಗೆ ಕಾಣುವ ಹಾಗೆ, ಗಾಜಿಗೆ ಆನಿಸಿ ಇಟ್ಟಳು. ಐದು ಮೂವತ್ತು.

"ಕೆಲಸ ಬಿಡೋಕೆ ಇನ್ನೂ ಅರ್ಧ ಗಂಟೆ ಇದೆ ಸಾರ್," ಕೂತಲ್ಲಿಂದಲೇ ಬಾಣಂತಿ ಹೇಳಿದಳು. "ಹೊರಗಿನ ಟೈಮು ಹೊರಗೆ. ನೀವು ಇನ್ನೂ ಗೇಟಿನ ಒಳಗಿದ್ದೀರಿ."

ಮ್ಯಾನೇಜರ್ ಗಾಜು ಏರಿಸಿಕೊಂಡ. ಫೋನು ತೆಗೆದ. ಯಾರ ನಂಬರನ್ನೋ ಒತ್ತಿದ, ಹಾಗೇ ಕೂತ, ಅಳಿಸಿದ. ಯಾರಿಗೆ ಏನಂತ ದೂರು ಕೊಡುವುದು? ಕೆಲಸದವರು ಆರಕ್ಕೆ ಮನೆಗೆ ಹೊರಟಿದ್ದಾರೆ ಅಂತಲೇ? ಒಳಗೆ ಬೆವರಿ ಗಾಜು ಮತ್ತೆ ಇಳಿಸಿದ. ವಾಚ್‌ಮನ್‌ನನ್ನು ಕರೆದ. ವಾಚ್‌ಮನ್ ಮಗುವಿನ ಕಡೆ ನೋಡಿದ, ನಿನ್ನೆಯ ಬಂಡಿಯ ಕಡೆ ನೋಡಿದ, ಅವನಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸದ ಹಾಗಾಯಿತು.

ತಗಡಿನ ಡಬ್ಬಿಯೊಳಗೆ ಫೋನುಗಳು ಒಂದಾದ ಮೇಲೊಂದು ಬಡಿದುಕೊಂಡವು. ಆರು ದಾಟಿತಲ್ಲ, ಇವತ್ತೂ ತಡವೇ ಅಂತ ಕೇಳಲು ಮನೆಯವರು. ಯಾರಿಗೂ ಅವಸರವಿರಲಿಲ್ಲ. ನಿಂತರು. ದಿನವೆಲ್ಲ ನಿಂತ ಕಾಲುಗಳು ಇನ್ನರ್ಧ ಗಂಟೆ ನಿಂತವು. ಈ ಅರ್ಧ ಗಂಟೆ ಅವರದೇ ಆಗಿತ್ತು.

ದೊಡ್ಡಕ್ಕನೂ ಬಂದು ನಿಂತಿದ್ದಳು, ಕಾರಿನ ಹಿಂದೆ, ಗೇಟಿನ ಒಳಗೆ. ಸ್ಟೂಲು ಕೆಳಗೇ ಉಳಿದಿತ್ತು. ಸ್ವಲ್ಪ ಹೊತ್ತಿಗೆ ಸೊಂಟಕ್ಕೆ ಕೈ ಕೊಟ್ಟಳು. ಆಮೇಲೆ ಗೋಡೆಗೆ ಒರಗಿದಳು. ಕೂತುಕೋ ಅಂತ ಮ್ಯಾನೇಜರ್ ಕಾರಿನ ಬಾಗಿಲು ತೆಗೆಯಲಿಲ್ಲ. ಒಮ್ಮೆ ಅವಳ ಕೈ ಕುಪ್ಪಸದ ಅಂಚಿನ ಕ್ಲಿಪ್ಪಿಗೆ ಹೋಯಿತು. ಯಾರೂ ಕೇಳಿರಲಿಲ್ಲ. ತನಗೇ ಹೋಗಬೇಕಾಗಿತ್ತೋ ಏನೋ. ಹೋಗಲಿಲ್ಲ, ಅಲ್ಲೇ ನಿಂತಳು.

ಮಗು ಒಂದು ಕಡೆ ಮುಗಿಸಿತು. ಬಾಣಂತಿ ಇನ್ನೊಂದು ಕಡೆಗೆ ಹಾಕಿಕೊಂಡಳು. ಅದನ್ನೂ ಮುಗಿಸಿ, ಬಾಯಿ ಬಿಟ್ಟು, ಗಲ್ಲದ ಮೇಲೆ ಒಂದು ಹನಿ ಉಳಿಸಿಕೊಂಡು ನಿದ್ದೆ ಹೋಯಿತು.

ಕಾರಿನ ಮೇಲಿನ ಗಡಿಯಾರದಲ್ಲಿ ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂತು. ಅವಳಿ ಇಣುಕಿ ನೋಡಿ ಕಣ್ಣಲ್ಲೇ ಹೇಳಿದಳು. ಬಾಣಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಹೆಂಗಸರು ಎರಡು ಕಡೆಗೂ ಸರಿದು ದಾರಿ ಬಿಟ್ಟರು.

"ಆರಾಯ್ತು ಸಾರ್. ನೀವಿನ್ನು ಹೊರಡಬಹುದು."

ಕಾರಿನ ಮೂತಿಯ ಮೇಲಿಂದ ಗಡಿಯಾರ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಅವಳು ಬೀದಿಯ ಕಡೆ ನಡೆದಳು. ಗಡಿಯಾರ ಎಲ್ಲಿಗೆ ಹೊತ್ತುಕೊಂಡು ಹೋಗ್ತೀಯಾ, ಅದು ಕೋಣೇದು ಅಂತ ಹಿಂದಿನಿಂದ ದೊಡ್ಡಕ್ಕ ಕೂಗಿದಳು.

ಬಾಣಂತಿ ತಿರುಗಿ ನಿಂತಳು.

"ತುಂಬಾ ಧೂಳು ಕೂತಿದೆ ದೊಡ್ಡಕ್ಕ. ನಾಳೆಯಿಂದ ನಾವೇ ಒರೆಸ್ತೀವಿ."